ಆ ಕಡೆಯ ತೂಬು

ನಾವು ನಾಲ್ಕು ಜನ ಸೇರಿ ಒಂದು ನಾಡನ್ನು ಕಟ್ಟುತ್ತಿದ್ದೆವು. ಇಲ್ಲದ ನಾಡು. ಅದರ ಬೆಟ್ಟ, ಹೊಳೆ, ಸಂತೆ, ತೆರಿಗೆ, ಬೈಗುಳ ಎಲ್ಲವನ್ನೂ ನಾವೇ ಗೊತ್ತುಮಾಡುವುದು, ಆಮೇಲೆ ನಾಲ್ವರೂ ಆ ನಾಡಿನ ಕತೆಗಳನ್ನು ಬೇರೆಬೇರೆಯಾಗಿ ಬರೆದು ಒಂದೇ ಪುಸ್ತಕ ತರುವುದು ಎಂದು ಮಾತಾಗಿತ್ತು. ಹೆಸರಿಡಲು ಕೂತ ದಿನವೇ ಜಗಳವಾಗಿ ಅದು ಹೆಸರಿಲ್ಲದೆ ಉಳಿಯಿತು. 'ಆ ಕಡೆ' ಎಂದು ಕರೆಯುತ್ತಿದ್ದೆವು. 'ಆ ಕಡೆ ಮದುವಿ ಹೆಂಗ ಮಾಡ್ತಾರ್ರೀ?' 'ಆ ಕಡೆ ಸತ್ತವ್ರನ್ನ ಹೂಳ್ತಾರೋ ಸುಡ್ತಾರೋ?' ಕೇಳಿಸಿಕೊಂಡ ಹೊರಗಿನವರು ನಾವು ಹೊಳೆಯ ಆಚೆ ದಂಡೆಯ ಊರುಗಳ ಸುದ್ದಿ ಆಡುತ್ತಿದ್ದೇವೆ ಅಂದುಕೊಳ್ಳುತ್ತಿದ್ದರು.

ಸೇರುತ್ತಿದ್ದದ್ದು ಗಂಗಾವತಿಯ ಒಂದು ಫ್ಲೆಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಂಗಡಿಯ ಮಾಲೀಕರೂ ನಾಲ್ವರಲ್ಲಿ ಒಬ್ಬರು. ನಾವೆಲ್ಲ ಅವರನ್ನು ಭಾಯ್ ಅನ್ನುತ್ತಿದ್ದೆವು. ಯಲಬುರ್ಗಾದಿಂದ ಬರುತ್ತಿದ್ದವರು ಒಂದು ಕಚೇರಿಯ ಗುಮಾಸ್ತರು, ನಮ್ಮೆಲ್ಲರಿಗಿಂತ ದೊಡ್ಡವರಾದ್ದರಿಂದ ಅಣ್ಣ. ಕುಷ್ಟಗಿಯಿಂದ ಬರುತ್ತಿದ್ದವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಕ್ಕೋರು. ನಾನು ಧಾರವಾಡದಲ್ಲಿ ಇತಿಹಾಸ ಓದಿ ಬಂದು ಕೊಪ್ಪಳದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಸಾಕ್ಷಿ ಇಲ್ಲದ್ದನ್ನು ನಂಬಬಾರದು ಎಂದು ಹುಡುಗರಿಗೆ ಹೇಳುವುದೇ ನನ್ನ ಕೆಲಸ. ಈಗ ಇದನ್ನು ಬರೆಯುವಾಗ ನನ್ನ ಬಳಿ ಇರುವ ಸಾಕ್ಷಿ ನನ್ನ ನೆನಪೊಂದೇ, ಅದರ ಮೇಲೆ ನನಗೆ ಅಷ್ಟೇನೂ ಭರವಸೆ ಇಲ್ಲ. ಮೊದಲ ಸಲ ಸೇರಿದ್ದು ಆ ಕೋಣೆಯಲ್ಲೇ ಎಂದು ನಾನು ಅನ್ನುತ್ತೇನೆ. ಬಣ್ಣದ, ತಿನ್ನರಿನ ವಾಸನೆ ಮೂಗಿಗೆ ಬಡಿದದ್ದು ನೆನಪಿದೆ. ಅಕ್ಕೋರು ಹೇಳುವುದು, ಹೇಮಗುಡ್ಡದ ಗುಡಿಯ ಮೆಟ್ಟಿಲ ಮೇಲೆ ಕೂತು ಅಂತ. ಇಬ್ಬರಲ್ಲಿ ಒಬ್ಬರದು ಸುಳ್ಳು.

ನಕ್ಷೆ ಬರೆದದ್ದು ಮಾತ್ರ ಆ ಕೋಣೆಯಲ್ಲೇ. ಬಣ್ಣ ಸರಿ ಬರದೆ ಉಳಿದುಹೋದ ಯಾರೋ ಮುಖಂಡರ ಹುಟ್ಟುಹಬ್ಬದ ಬ್ಯಾನರ್ ಇತ್ತು. ಅದನ್ನು ತಿರುವಿ ಗೋಡೆಗೆ ಹೊಡೆದು ಬಿಳಿ ಬೆನ್ನಿನ ಮೇಲೆ ನಾಡು ಬರೆದೆವು. ಕಿಟಕಿಯ ಬಿಸಿಲು ಹಿಂದಿನಿಂದ ಬಿದ್ದರೆ ನಮ್ಮ ಬೆಟ್ಟಗಳ ಕೆಳಗೆ ಮುಖಂಡರ ಮುಗಿದ ಕೈಗಳು ಮಸುಕಾಗಿ ಕಾಣುತ್ತಿದ್ದವು. 'ನಮ್ಮ ನಾಡಿನ ದೇವರು ಇವರ ನೋಡ್ರಿ, ಎಲ್ಲಾ ಕಡಿ ಅದಾರ, ಕೆಲಸ ಮಾತ್ರ ಮಾಡಂಗಿಲ್ಲ' ಎಂದು ಭಾಯ್ ನಗಿಸಿದ್ದರು.

ಅವತ್ತೇ ಭಾಯ್ ಒಂದು ಮಾತು ಕೇಳಿಕೊಂಡರು. ಅವರ ತಮ್ಮ ಸಿದ್ದಾಪುರದ ಹತ್ತಿರ ಕಾಲುವೆಯಲ್ಲಿ ಕೈಕಾಲು ತೊಳೆಯಲು ಇಳಿದವನು ಜಾರಿ ಹೋಗಿ, ಮುಂದೆ ಎಲ್ಲೋ ತೂಬಿನ ಸರಳಿಗೆ ಹೆಣವಾಗಿ ಸಿಕ್ಕಿದ್ದ. ಇದು ನಮಗೆಲ್ಲ ಗೊತ್ತಿತ್ತು. ಭಾಯ್ ಬಿಳಿ ಫ್ಲೆಕ್ಸಿನ ನಟ್ಟನಡುವೆ ಒಂದು ಚುಕ್ಕೆ ಇಟ್ಟರು.

'ಇದು ಒಂದ ಊರು. ಊರ ಮುಂದ ಕಾಲುವಿ. ಕಾಲುವಿಗಿ ತೂಬು. ತೂಬಿನ ಕೀಲಿ ನನ್ನ ತಮ್ಮನ ಕಡಿ ಇರ್ತೈತಿ. ಅವ ಎತ್ತಿದ್ರ ನೀರು ಬರ್ಬೇಕು, ಇಳಿಸಿದ್ರ ನಿಲ್ಲಬೇಕು. ಅಲ್ಲಿ ನೀರು ಅವನ ಮಾತು ಕೇಳ್ಬೇಕು. ಉಳಿದಿದ್ದು ನೀವು ಏನರ ಮಾಡ್ರಿ. ಅವನೊಬ್ಬನ್ನ ಮುಟ್ಟಬ್ಯಾಡ್ರಿ.'

'ಯಾರ ಮುಟ್ಟತಾರ ಭಾಯ್' ಎಂದರು ಅಣ್ಣ. ಅಕ್ಕೋರು ನೀಲಿ ಡಬ್ಬಿಯನ್ನು ತಾವೇ ತೆರೆದು ಕೊಟ್ಟರು. ಭಾಯ್ ಪಡುವಣದ ಹೊಳೆಯಿಂದ ಆ ಚುಕ್ಕೆಯವರೆಗೆ ಕಾಲುವೆ ಎಳೆದರು, ಬೋರ್ಡು ಬರೆದು ಪಳಗಿದ ಕೈ, ಒಂದೇ ಎಳೆತ.

ಜಗಳವಾಗದಿರಲಿ ಎಂದು ಒಂದು ಕಟ್ಟಳೆ ಮಾಡಿಕೊಂಡೆವು. ಭತ್ತದ ಸೀಮೆಯಲ್ಲಿ ಗದ್ದೆಗಳಿಗೆ ನೀರಿನ ಪಾಳಿ ಇರುತ್ತದಲ್ಲ, ಹಾಗೆ. ಪ್ರತಿ ಭಾನುವಾರ ಒಬ್ಬರ ಪಾಳಿ. ಪಾಳಿ ಇದ್ದವರು ತಮಗೆ ಬೇಕಾದ್ದನ್ನು ನಾಡಿನಲ್ಲಿ ಇಡಬಹುದು. ಇಟ್ಟದ್ದನ್ನು ಇನ್ನೊಬ್ಬರು ಅಳಿಸುವಂತಿಲ್ಲ. ಆದರೆ ತಮ್ಮ ಪಾಳಿ ಬಂದಾಗ ಅದರ ಮೇಲೆ, ಕೆಳಗೆ, ಸುತ್ತಲೂ ಏನು ಬೇಕಾದರೂ ಇಡಬಹುದು. ಬಲು ನ್ಯಾಯದ ಕಟ್ಟಳೆ ಅನ್ನಿಸಿತ್ತು. ಕಾಲುವೆಯ ಬಾಲದಲ್ಲಿ ಹೊಲ ಇರುವ ಯಾವ ರೈತನನ್ನು ಕೇಳಿದ್ದರೂ ಅದರ ತೂತು ತೋರಿಸುತ್ತಿದ್ದ. ಕೆಳಗಿನವನ ಹೊಲವನ್ನು ಮೇಲಿನವರು ಮುಟ್ಟುವುದೇ ಇಲ್ಲ. ನೀರನ್ನಷ್ಟೇ ಎತ್ತಿಕೊಳ್ಳುತ್ತಾರೆ.

ಭಾಯ್ ತಮ್ಮ ಮೊದಲ ಪಾಳಿಯಲ್ಲಿ, ಆ ಕಡೆ ಮದ್ದುಗುಂಡೇ ಇಲ್ಲ ಎಂದು ಇಟ್ಟರು. 'ಸಾವು ಒಂದೀಟು ಕಮ್ಮಿ ಇರ್ಲಿ ಮಾರಾಯ್ರ.' ಅಕ್ಕೋರು ತಮ್ಮ ಕತೆಗೆ ಗವಿಯೊಳಗಿನ ಶಾಲೆಯೊಂದು ಬೇಕೆಂದು ಗುಡ್ಡಸಾಲು ಇಟ್ಟರು. ಅದು ಕಾಲುವೆಯ ಮೇಲೆಯೇ ಅಡ್ಡಡ್ಡ ಹಾದುಹೋಯಿತು. ನನ್ನ ಪಾಳಿಯಲ್ಲಿ ನಾನು ಇಟ್ಟದ್ದು ಒಂದು ಸುಂಕದ ಕಟ್ಟೆ. ಹಾಗೆಂದು ನೆನಪು. ಅಣ್ಣ ತಮ್ಮ ಪಾಳಿಯಲ್ಲಿ ಹೊಳೆಯ ದಂಡೆಯುದ್ದಕ್ಕೂ ನೀರೆತ್ತುವ ರಾಟೆಗಳನ್ನು ಇಟ್ಟರು.

'ಏನ್ ಅಣ್ಣಾ, ಇಷ್ಟ ರಾಟಿ?'

'ಭಾಯ್, ನೀವು ಗಂಗಾವತಿ ಮಂದಿ, ಕನಸಿನ್ಯಾಗೂ ಭತ್ತಾನ ಬೆಳೀತೀರಿ. ನಮ್ಮ ಕಡಿ ನೀರು ಅಂದ್ರ ಟ್ಯಾಂಕರ್ ಬಂದಾಗ ಕೊಡ ಹಿಡ್ಕೊಂಡು ಓಡೋದು. ಆ ಕಡಿನೂ ನಿಮ್ಮ ಊರಿಗೇ ಕಾಲುವಿ, ನಮ್ಮ ಮಂದಿ ನೋಡ್ಕೋತ ನಿಲ್ಲಬೇಕೇನು? ಅವ್ರೂ ಒಂದೀಟು ಕುಡೀಲಿ.'

'ಇಲ್ಲದ ನಾಡಿನ ನೀರಿಗೂ ಹೊಟ್ಟಿಕಿಚ್ಚ ಏನ್ರಿ ನಿಮಗ!'

'ಕಿಚ್ಚಲ್ಲೋ ಮಾರಾಯ. ಖರೇ ಅನ್ನಸಬೇಕು. ಓದೋ ಮಂದಿ ನಗ್ತಾರ.'

ಎಲ್ಲರೂ ನಕ್ಕೆವು. ಭಾಯ್ ಕೂಡ. ಆ ನಗುವಿನ ನಡುವೆಯೇ ಯಾರೋ ಅಂದರು:

'ಅದೆಲ್ಲಾ ಬಿಡ್ರಿ. ನಡುವ ಗುಡ್ಡ ಬಂತಲ್ಲ. ನೀರು ಏರು ಹತ್ತಂಗಿಲ್ಲ.'

ಯಾರು ಅಂದದ್ದು? ನನ್ನ ಕಿವಿಯಲ್ಲಿ ಆ ಮಾತು ಅಣ್ಣನ ದನಿಯಲ್ಲಿದೆ. ಅಣ್ಣನನ್ನು ಕೇಳಿದರೆ, ವಿಜ್ಞಾನ ಕಲಿಸೋರು ಯಾರು, ಅಕ್ಕೋರಲ್ಲೇನು ಅನ್ನುತ್ತಾರೆ. ಅಕ್ಕೋರು ಮಾತ್ರ ನನ್ನ ಮುಖ ನೋಡಿ, 'ಸರ, ಕ್ಲಾಸಿನ್ಯಾಗ ಮಾತಾಡೋ ಹಂಗ ನೀವ ಅಂದ್ರಿ' ಅನ್ನುತ್ತಾರೆ. ನಾನೇ ಅಂದಿದ್ದರೆ ಒಪ್ಪಿಕೊಂಡು ಹಗುರಾಗಬಹುದಿತ್ತು. ಹಾಗೆಂದು ನೆನಪಿಲ್ಲದ್ದನ್ನು ಒಪ್ಪಿಕೊಳ್ಳುವುದೂ ಒಂದು ಸುಳ್ಳೇ. ಮೂರು ಸಾಕ್ಷಿ ಮೂರು ಕಡೆಗೆ ಬೆರಳು ತೋರಿಸಿದರೆ ಮೂರನ್ನೂ ಬದಿಗಿಡಬೇಕು ಎಂದು ನಾನೇ ಪಾಠ ಮಾಡುತ್ತೇನೆ.

ಆಮೇಲೆ ಆಡಿದ ಮಾತುಗಳ ಬಗ್ಗೆ ಮೂವರಿಗೂ ತಕರಾರಿಲ್ಲ.

'ಹಂಗಾರ ಸುರಂಗ ಮಾಡೂಣು' ಎಂದರು ಭಾಯ್.

'ಬಂಡಿಗಲ್ಲು ಭಾಯ್ ಅದು' ಎಂದರು ಅಣ್ಣ. 'ಮದ್ದು ಇಲ್ಲದ ಹೆಂಗ ಒಡೀತಾರ? ಮದ್ದು ಬ್ಯಾಡ ಅಂತ ಇಟ್ಟವ್ರು ನೀವ.'

'ಮಳಿ? ಮಳಿ ನೀರರ ಕಾಲುವಿಗಿ ಬರ್ಲಿ.'

'ಗಾಳಿ ಪಡುವಣದಿಂದ ಬೀಸತೈತಿ' ಎಂದರು ಅಕ್ಕೋರು, ಪಾಪ, ಬಹಳ ಮೆತ್ತಗೆ. 'ಗುಡ್ಡದ ಆ ಬಾಜುಕ ಮಳಿ ಬೀಳತೈತಿ. ನಿಮ್ಮ ಊರು ಈ ಬಾಜು ಐತ್ರಿ.'

ಭಾಯ್ ನಕ್ಷೆಯ ಮುಂದೆ ನಿಂತು ಗುಡ್ಡದ ಎರಡೂ ಕಡೆಯಿಂದ ಬೆರಳಾಡಿಸಿದರು. ಹೊರಗೆ ಪ್ರಿಂಟಿಂಗ್ ಮಷಿನ್ ಯಾರದೋ ಶುಭಾಶಯವನ್ನು ಉಗುಳುತ್ತಿತ್ತು. ಕೊನೆಗೆ ಅವರು ನಮ್ಮ ಕಡೆ ತಿರುಗದೆಯೇ ಕೇಳಿದರು:

'ನನ್ನ ತಮ್ಮನ್ನ ಮುಟ್ಟಂಗಿಲ್ಲ ಅಂದಿದ್ರಿ.'

'ಮುಟ್ಟಿಲ್ಲಲ್ಲ ಭಾಯ್' ಎಂದರು ಅಣ್ಣ. 'ಅವ ಅಲ್ಲೇ ಅದಾನ.'

ಭಾಯ್ ಒಂದು ಚಿಂದಿಗೆ ತಿನ್ನರ್ ಹಚ್ಚಿಕೊಂಡು ಗುಡ್ಡದಿಂದ ಊರಿನವರೆಗೆ ನೀಲಿ ಗೆರೆಯನ್ನು ತಾವೇ ಒರೆಸಿದರು. ನಾವು ಯಾರೂ ಕೈ ಹಿಡಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆಗ ಸಮಾಧಾನವೇ ಆಯಿತು. ನಾಡು ಈಗ ಹೊಂದಿಕೊಂಡಿತ್ತು. ಎಲ್ಲಿಯೂ ತಪ್ಪಿಲ್ಲದೆ ಒಂದಕ್ಕೊಂದು ಕೂಡಿಕೊಂಡಿತ್ತು.

ಮುಂದಿನ ಭಾನುವಾರ ಹೋದಾಗ ನಕ್ಷೆಯ ನಡುವೆ, ಆ ಊರಿದ್ದ ಜಾಗದಲ್ಲಿ, ಚೌಕಾಕಾರದ ಕಿಂಡಿ. ಫ್ಲೆಕ್ಸ್ ಕತ್ತರಿಸುವ ಬ್ಲೇಡಿನಿಂದ, ಅಳತೆಪಟ್ಟಿ ಇಟ್ಟು ಕೊಯ್ದದ್ದು. ಅಂಚು ಎಳ್ಳಷ್ಟೂ ಸೊಟ್ಟ ಇರಲಿಲ್ಲ. ಅದರಾಚೆ ಗೋಡೆಯ ಸುಣ್ಣ ಕಾಣುತ್ತಿತ್ತು. ಭಾಯ್ ಎಂದಿನಂತೆ ಚಹಾ ತರಿಸಿದರು, ಮಿರ್ಚಿ ತರಿಸಿದರು, ಅಣ್ಣನ ಮೊಣಕಾಲು ನೋವು ವಿಚಾರಿಸಿದರು. ಏಳುವಾಗ ನಕ್ಷೆಯನ್ನು ಬಿಚ್ಚಿ, ಸುರುಳಿ ಸುತ್ತಿ, ನನ್ನ ಕೈಗಿಟ್ಟರು. 'ಉಳಿದಿದ್ದು ನಿಮ್ಮದು. ಒಯ್ರಿ ಸರ.'

ನಾವು ಮೂವರು ಕೊಪ್ಪಳದಲ್ಲಿ ನನ್ನ ಕೋಣೆಯಲ್ಲಿ ಮುಂದುವರಿಸಿ ನೋಡಿದೆವು. ಕಿಂಡಿಗೆ ಬೇರೆ ಫ್ಲೆಕ್ಸಿನ ತುಂಡನ್ನು ಹಿಂದಿನಿಂದ ಅಂಟಿಸಿದೆವು. ಆದರೆ ಮೊದಲು ಹುಟ್ಟಿದ ಊರು ಅದೇ ಆದ್ದರಿಂದ ಎಲ್ಲರ ದಾರಿಗಳೂ ಅದರ ಮೂಲಕವೇ ಹಾದಿದ್ದವು. ಅಕ್ಕೋರ ಶಾಲೆಗೆ ಮಕ್ಕಳು ಬರುತ್ತಿದ್ದದ್ದು ಅಲ್ಲಿಂದ. ನನ್ನ ಸುಂಕದ ಕಟ್ಟೆ ಇದ್ದದ್ದು ಅಲ್ಲಿಗೆ ಹೋಗುವ ಬಂಡಿಗಳಿಗಾಗಿ. ಅಣ್ಣನ ಕತೆಯ ದನದ ವ್ಯಾಪಾರಿ ಆ ಬಿಳಿ ತುಂಡಿನ ಅಂಚಿಗೆ ಬಂದು ನಿಂತುಬಿಟ್ಟ.

'ಸುತ್ತಿ ಹಾಕ್ಕೊಂಡು ಹೋಗ್ಲಿ ಬಿಡ್ರಿ' ಎಂದೆ.

'ಹೋಗಬಹುದು' ಎಂದರು ಅಣ್ಣ. 'ಆದ್ರ ದನಕ್ಕ ನೀರು ಎಲ್ಲಿ ಕುಡಸ್ತಾನ?'

ಅಕ್ಕೋರು ಬ್ಯಾಗು ತೆಗೆದುಕೊಂಡು ಬಸ್ಸಿಗೆ ಹೊತ್ತಾಯಿತು ಎಂದರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಆಮೇಲೆ ಸೇರಲಿಲ್ಲ.

ಎಷ್ಟೋ ತಿಂಗಳ ಮೇಲೆ ಕಾಲೇಜಿನ ಕಾರ್ಯಕ್ರಮಕ್ಕೆ ಬ್ಯಾನರ್ ಮಾಡಿಸುವ ನೆಪ ಸಿಕ್ಕಿತು. ಕೊಪ್ಪಳದಲ್ಲೇ ಅಂಗಡಿಗಳಿದ್ದರೂ ಗಂಗಾವತಿಗೆ ಹೋದೆ. ಭಾಯ್ ಹಳೇ ಗೆಳೆಯನನ್ನು ಕಂಡಂತೆಯೇ 'ಬರ್ರಿ ಸರ, ಬರ್ರಿ' ಎಂದು ಕುರ್ಚಿ ಒರೆಸಿದರು. ಕೇಳಬಾರದೆಂದು ಬಸ್ಸಿನುದ್ದಕ್ಕೂ ಅಂದುಕೊಂಡು ಹೋದದ್ದನ್ನೇ ಕೇಳಿದೆ.

'ಆ ತುಂಡು ಐತೇನ್ರಿ ಭಾಯ್?'

ಮೇಜಿನಡಿಯಿಂದ ತೆಗೆದು ಮುಂದೆ ಹಾಸಿದರು. ಚುಕ್ಕೆ ಇತ್ತು, ತೂಬು ಇತ್ತು. ತೂಬಿಗೆ ಹೊಸದಾಗಿ ಹಚ್ಚಿ, ಮತ್ತೆ ಒರೆಸಿದ ನೀಲಿಯ ಕಲೆ ಇತ್ತು.

'ಈಗ ಅದು ನಿಮ್ಮೊಬ್ಬರದ ಊರು ಭಾಯ್. ಗುಡ್ಡಿಲ್ಲ, ರಾಟಿ ಇಲ್ಲ. ನೀರು ಬಿಟ್ಕೋರಿ. ಯಾರ ಬ್ಯಾಡ ಅಂತಾರ?'

'ಬಿಟ್ಟ ನೋಡೀನ್ರಿ ಸರ. ಬಣ್ಣ ಚಲೋನ ಹತ್ತಿತು. ಆದ್ರ ಹಚ್ಚಿದ ಕೂಡ್ಲೇ, ಈ ನೀರು ಎಲ್ಲಿಂದ ಬಂತು ಅಂತ ನಾನ ಕೇಳಾಕತ್ತಿದ್ನಿ. ನಿಮ್ಮ ಜೋಡಿ ಕುಂತು ಕುಂತು ನನಗೂ ಅದ ರೂಢಿ ಆಗೇತಿ.'

'ಮತ್ತ ತಮ್ಮ?'

'ನೀರಿಲ್ಲದ ತೂಬಿನ ಮುಂದ ಕೀಲಿ ಹಿಡ್ಕೊಂಡು ಎಷ್ಟ ದಿನ ಕುಂದರತಾನ್ರಿ? ಹೋಗ್ಯಾನ.'

'ಎಲ್ಲಿಗೆ?'

ಅವರು ತುಂಡನ್ನು ಮಡಚಲಿಲ್ಲ, ಸುರುಳಿ ಸುತ್ತಿದರು. ಫ್ಲೆಕ್ಸ್ ಮಡಚಿದರೆ ಗೆರೆ ಬೀಳುತ್ತದೆ.

'ಎಲ್ಲಿಗಿ ಹೋಗ್ತಾನ್ರಿ. ಸಿದ್ದಾಪುರ ಕಾಲುವಿಗೇ. ಆ ಕಡಿ ಇದ್ದಷ್ಟ ದಿನ ಕೀಲಿ ಹಿಡ್ಕೊಂಡು ನಿಂತಾಂವ ಕಾಣ್ತಿದ್ದ. ಈಗ ಕಣ್ಣು ಮುಚ್ಚಿದ್ರ ಸರಳಿಗಿ ಸಿಕ್ಕಿದ್ದಷ್ಟ ಕಾಣತೈತಿ.'

ಸುರುಳಿಯನ್ನು ಮೇಜಿನಡಿಗೆ ಸರಿಸಿ, ಕಂಪ್ಯೂಟರ್ ಕಡೆ ತಿರುಗಿದರು.

'ಬ್ಯಾನರ್ ಸೈಜ್ ಹೇಳ್ರಿ ಸರ.'

ನಾನು ಹೇಳಿದೆ.