ಠಾಣಾ ಕುಶನೂರಿಗೆ ಯೂಸುಫ್ ಬರಬೇಕೋ ಬೇಡವೋ

1950ರ ಆರಂಭದ ಚಳಿಗಾಲದಲ್ಲಿ ನಾನು ಹೈದರಾಬಾದಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿಯಾಗಿದ್ದೆ. ವಿಭಾಗದ ವಿದ್ಯಾರ್ಥಿ ಕಮಿಟಿಯಲ್ಲಿ ಕ್ಯಾಂಪ್ ಸೆಕ್ರೆಟರಿಯೂ ನಾನೇ. ಆಮೇಲೆ ಬದುಕೆಲ್ಲ ಕಾಲೇಜುಗಳಲ್ಲಿ ಪಾಠ ಹೇಳಿದೆ, ನೂರಾರು ಕಮಿಟಿಗಳಲ್ಲಿ ಕೂತು ಚಹಾ ಕುಡಿದೆ. ಬಹುತೇಕ ಕಮಿಟಿಗಳು ಚಹಾದ ಜೊತೆಗೇ ಮುಗಿದುಹೋದವು. ಆ ಮೊದಲನೆಯ ಕಮಿಟಿ ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಕಮಿಟಿಯೆಂದರೆ ನಾವು ಐದು ಜನ. ಒಬ್ಬ ಸುತ್ತಿಗೆ, ದಿಕ್ಸೂಚಿಗಳ ಸ್ಟೋರ್ ನೋಡಿಕೊಳ್ಳಬೇಕು, ಒಬ್ಬ ಅಡುಗೆಯ ವ್ಯವಸ್ಥೆ, ಒಬ್ಬ ಸೆಮಿನಾರು. ಅಧ್ಯಕ್ಷ ಗುಲ್ಬರ್ಗದ ರಾಘವೇಂದ್ರರಾವ್, ನಮಗಿಂತ ಹಿರಿಯ, ಸಂಶೋಧನಾ ವಿದ್ಯಾರ್ಥಿ. ನನ್ನ ಕೆಲಸ ಫೀಲ್ಡ್ ಕ್ಯಾಂಪಿನ ತಯಾರಿ. ಫೀಲ್ಡ್ ಕ್ಯಾಂಪ್ ಎಂದರೆ ಕೆಲವು ದಿನ ಹಳ್ಳಿಗಳಲ್ಲಿ ಅಲೆದು, ಬಂಡೆಯ ಪದರಗಳನ್ನು ನೋಡಿ ನಕ್ಷೆ ಬರೆಯುವುದು. ಕ್ಯಾಂಪಿಗೆ ಹೋಗದವನು ಪರೀಕ್ಷೆಗೆ ಕೂರುವಂತಿರಲಿಲ್ಲ. ಎರಡು ಸಲ ತಪ್ಪಿಸಿಕೊಂಡರೆ ವಿಭಾಗದಿಂದ ಹೆಸರೇ ತೆಗೆಯುತ್ತಿದ್ದರು.

ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನವನ್ನು ವಶಪಡಿಸಿಕೊಂಡ ಪೊಲೀಸ್ ಆಕ್ಷನ್ ಆಗಿ ವರ್ಷ ದಾಟಿತ್ತು. ನಿಜಾಮರ ಆಡಳಿತ ಹೋಗಿತ್ತು, ಉರ್ದುವಿನಲ್ಲಿ ನಡೆಯುತ್ತಿದ್ದ ಪಾಠಗಳು ಇಂಗ್ಲಿಷಿಗೆ ತಿರುಗುತ್ತಿದ್ದವು. ನಮ್ಮ ವಿಭಾಗದಲ್ಲಿ ಬದಲಾಗದೆ ಉಳಿದಿದ್ದೆಂದರೆ ಕ್ಯಾಂಪಿನ ಶಿಸ್ತು. ಎಲ್ಲರೂ ಖಾಕಿ ಅಂಗಿ, ಖಾಕಿ ಚಡ್ಡಿ, ತಲೆಗೆ ಹ್ಯಾಟು. ಅದನ್ನು ಹಾಕಿಕೊಂಡು ಪಟ ತೆಗೆಸಿಕೊಳ್ಳುವುದೆಂದರೆ ನಮಗೆಲ್ಲ ಎಲ್ಲಿಲ್ಲದ ಹಮ್ಮು.

ಆ ವರ್ಷದ ಕ್ಯಾಂಪು ಔರಾದ ತಾಲ್ಲೂಕಿನ ಠಾಣಾ ಕುಶನೂರಿನಲ್ಲಿ ಎಂದು ನಿಶ್ಚಯವಾಯಿತು. ಅಲ್ಲಿಯ ಬಾವಿಗಳ ಗೋಡೆಯಲ್ಲಿ ಎರಡು ಕಪ್ಪು ಕಲ್ಲಿನ ಪದರಗಳ ನಡುವೆ ಕೆಂಪು ಮಣ್ಣಿನ ಪಟ್ಟಿಯೊಂದು ಕಾಣುತ್ತದೆ. ನಾವು ಅದನ್ನು ರೆಡ್ ಬೋಲ್ ಅನ್ನುತ್ತೇವೆ. ಬಾವಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಲು ಅದನ್ನೇ ನೋಡಬೇಕು. ಈ ವಿಷಯವನ್ನೇ ಹಿಡಿದು ಪ್ರಬಂಧ ಬರೆಯುತ್ತಿದ್ದವನು ಯೂಸುಫ್, ಬೀದರಿನ ಮೈಲೂರಿನ ಹುಡುಗ. ನಮ್ಮಲ್ಲಿ ಎಲ್ಲರಿಗಿಂತ ಜಾಣ. ಪೊಲೀಸ್ ಆಕ್ಷನ್ನಿನ ಬೆನ್ನಿಗೇ ಹಳ್ಳಿಗಳಲ್ಲಿ ಮುಸಲ್ಮಾನರ ಕೊಲೆಗಳು ನಡೆದ 1948ರ ಸೆಪ್ಟೆಂಬರಿನಲ್ಲಿ ಅವನ ಅಣ್ಣ ಕೆಲಸದ ಮೇಲೆ ಔರಾದ ಕಡೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಹಾಗಾಗಿ ಹಿಂದಿನ ವರ್ಷದ ಕ್ಯಾಂಪಿಗೆ ಯೂಸುಫ್ ಹೋಗಿರಲಿಲ್ಲ. ಈ ಸಲವೂ ತಪ್ಪಿದರೆ ಅವನ ಓದು ಅಲ್ಲಿಗೆ ಮುಗಿದಂತೆ.

ಕಮಿಟಿಯಲ್ಲಿ ರಾಘವೇಂದ್ರರಾವ್ ಮಾತು ತೆಗೆದ. ಅವನು ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. "ಹಳ್ಳಿ ಮಂದಿ ಹ್ಯಾಂಗ ತಗೊಂತಾರೋ ಏನೋ. ಯೂಸುಫನಿಗೆ ಏನರೆ ಆದ್ರ ಅವನ ತಾಯಿಗೆ ಯಾರು ಜವಾಬು ಕೊಡಬೇಕು? ಅವನಿಗೆ ಸ್ಟೋರಿನ ಕೆಲಸ ಕೊಡೋಣ. ಬೀದರದಾಗ ಸಾಮಾನು ಕಾಯ್ಕೊಂಡು ಇರಲಿ, ಹಾಜರಿ ಹಾಕಿಸಿದ್ರಾತು" ಎಂದ. ಉಳಿದವರು ತಲೆಯಾಡಿಸಿದರು. ಆದರೆ ಪ್ರೊಫೆಸರು, ಬಂಡೆ ನೋಡದವನ ಹಾಜರಿಗೆ ತಾನು ಸಹಿ ಹಾಕುವುದಿಲ್ಲ, ಕರೆದೊಯ್ಯುವುದೋ ಬಿಡುವುದೋ ಕಮಿಟಿಯೇ ನೋಡಲಿ ಎಂದುಬಿಟ್ಟರು. ಭಾರ ನಮ್ಮ ತಲೆಗೇ ಬಂತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಅಲ್ಲೇ ಇದೆ ಅನ್ನುತ್ತಾರೆ ಮನೆಯವರು. "ಅಲ್ರೀ, ಅವನ ಬಗ್ಗೆ ಇಷ್ಟೆಲ್ಲ ಮಾತಾಡ್ತೀರಿ, ಅವನೇ ಹೊರಗ ನಿಂತಾನ. ಒಳಗ ಕರೀರಿ!" ಎಂದು ಮೇಜು ಗುದ್ದಿದೆ. ಒಬ್ಬ ವಿದ್ಯಾರ್ಥಿಯ ವಿಷಯ ಮಾತಾಡುವಾಗ ಅವನನ್ನು ಹೊರಗೆ ನಿಲ್ಲಿಸುವುದು ನಮ್ಮ ಕಮಿಟಿಯ ಪದ್ಧತಿ. ಅದು ಮರ್ಯಾದೆ ಎಂದು ಎಲ್ಲರೂ ತಿಳಿದಿದ್ದರು. ಕೊನೆಗೆ ಕರೆದರು.

ಯೂಸುಫ್ ಬಂದು ನಿಂತ. ಕೂರು ಎಂದರೂ ಕೂರಲಿಲ್ಲ. "ಸಾಮಾನು ಕಾಯಾಕ ನಾ ಎಂ.ಎಸ್ಸಿ. ಓದಾಕ ಬಂದಿಲ್ರಿ" ಎಂದ. ಮತ್ತೆ, "ಊರವರನ್ನ ಕೇಳ್ರಿ. ನನ್ನ ಹೆಸರು ಹೇಳಿ ಕೇಳ್ರಿ, ಮುಚ್ಚಬ್ಯಾಡ್ರಿ. ಬ್ಯಾಡ ಅಂದ್ರ ನಾ ಬರೂದಿಲ್ಲ, ಹೆಸರು ತಗೀರಿ" ಎಂದ.

ಕೇಳಿಬರುವ ಕೆಲಸ ಕ್ಯಾಂಪ್ ಸೆಕ್ರೆಟರಿಯಾದ ನನ್ನದು. ನಾನು ಭಾಲ್ಕಿಯವನು, ಆ ಸೀಮೆಯ ಮಾತು ಬಲ್ಲವನು, ಏನು ಮಹಾ ಎಂದುಕೊಂಡೆ. ರೈಲಿನಲ್ಲಿ ಕಮಲನಗರಕ್ಕೆ ಬಂದು, ಅಲ್ಲಿಂದ ಎತ್ತಿನ ಗಾಡಿ ಹಿಡಿದೆ. ಮೈಮೇಲೆ ಇಸ್ತ್ರಿ ಮಾಡಿದ ಖಾಕಿ, ತಲೆಯ ಮೇಲೆ ಹ್ಯಾಟು, ಸೊಂಟದಲ್ಲಿ ಸುತ್ತಿಗೆ.

ಊರು ಸಮೀಪಿಸುತ್ತಿದ್ದಂತೆ ತೊಗರಿ ಹೊಲದಲ್ಲಿದ್ದವರು ನನ್ನನ್ನು ಕಂಡು ಬದು ಹತ್ತಿ ಆಚೆ ಇಳಿದರು. ಬಾವಿಯ ಹತ್ತಿರ ಇದ್ದ ಹೆಣ್ಣುಮಕ್ಕಳು ಅರ್ಧ ತುಂಬಿದ ಕೊಡ ಹೊತ್ತುಕೊಂಡು ಹೋದರು. ಓಣಿಗೆ ಕಾಲಿಟ್ಟರೆ ಬಾಗಿಲುಗಳು ಒಂದೊಂದಾಗಿ ಹಾಕಿಕೊಂಡವು. "ಯಾರ ಅದೀರಿ ಮನ್ಯಾಗ? ನಾ ಭಾಲ್ಕಿಯವನ್ರಿ!" ಎಂದು ಕೂಗಿದೆ. ಒಂದು ನಾಯಿ ಬೊಗಳಿತು, ಅಷ್ಟೇ. ಬಿಸಿಲಲ್ಲಿ ನಿಂತು ನಿಂತು ನನ್ನ ಪಿತ್ತ ನೆತ್ತಿಗೇರಿತು.

ಬಹಳ ಹೊತ್ತಿನ ಮೇಲೆ ಊರ ಹಿರಿಯ ಪಾಟೀಲರು ಬಂದರು. ಎತ್ತರದ ಆಳು, ಹೆಗಲ ಮೇಲೆ ಕಂಬಳಿ, ಹಿಂದೆ ಕುರಿ ಕಾಯುವ ನಾಲ್ಕು ಜನ ಕೈಯಲ್ಲಿ ಬಡಿಗೆ ಹಿಡಿದು ಬಂದಿದ್ದರು. ನಾನು ಭಾಲ್ಕಿಯಲ್ಲಿ ಯಾರ ಮಗ, ಯಾವ ಓಣಿ ಎಂದೆಲ್ಲ ವಿಚಾರಿಸಿದ ಮೇಲೆಯೇ ಕಟ್ಟೆಯ ಮೇಲೆ ಕೂರಿಸಿದರು. ಕ್ಯಾಂಪಿನ ವಿಷಯ ಹೇಳಿದೆ. ಯೂಸುಫನ ಹೆಸರನ್ನು, ಅವನ ಅಣ್ಣನ ಸುದ್ದಿಯನ್ನು ಮುಚ್ಚದೆ ಹೇಳಿದೆ. "ಅವನು ಬಂದ್ರ ನಿಮ್ಮೂರಾಗ ಏನರೆ ತಕರಾರು ಅದೇನ್ರಿ ಕಾಕಾ?" ಎಂದು ಕೇಳಿದೆ.

ಪಾಟೀಲರು ನೆಲ ನೋಡುತ್ತ ಕೂತರು. ಆಮೇಲೆ, "ಅವನು ಬರಲಿ ತಮ್ಮಾ. ಅವನ ಮುಖ ನೋಡಾಕ ನಮಗೇ ಧೈರ್ಯ ಬೇಕು" ಎಂದರು.

ಆಮೇಲೆ ಅವರು ನನ್ನ ಅಂಗಿಯ ಕಡೆ ಕೈ ತೋರಿಸಿದರು. "ನಮ್ಮ ತಕರಾರು ಇದ್ದದ್ದು ಇದರ ಮ್ಯಾಲ. ಆವಾಗ ಮೊದಲ ಬಂದ ರಜಾಕಾರರೂ ಖಾಕಿ, ಆಮ್ಯಾಲ ಬಂದ ಮಿಲಿಟ್ರಿಯವರೂ ಖಾಕಿ. ಈಗ ಸರಕಾರದ ಪಾಲು ಅಂತ ಜ್ವಾಳದ ಲೆವ್ಹಿ ವಸೂಲಿಗೆ ಬರೋರೂ ಖಾಕಿ. ನೀ ಇದನ್ನ ಉಟ್ಕೊಂಡು ಬಾವಿ ಅಳೀತೇನಿ ಅಂದ್ರ ಮಂದಿ ಏನ್ ತಿಳ್ಕೋಬೇಕು? ಮೊದಲ ಬಿಚ್ಚು ಅದನ್ನ."

ಐದು ಜನ ವಿಜ್ಞಾನಿಗಳು ಒಂದು ವಾರ ತಲೆ ಕೆಡಿಸಿಕೊಂಡು ಅಪಾಯವನ್ನು ಯೂಸುಫನ ಹೆಸರಿನಲ್ಲಿ ಹುಡುಕಿದ್ದೆವು. ಅದನ್ನು ನಾವೇ ಇಸ್ತ್ರಿ ಮಾಡಿ ಮೈಮೇಲೆ ಹಾಕಿಕೊಂಡಿದ್ದೆವು. ನಗುವೂ ಬಂತು, ನಾಚಿಕೆಯೂ ಆಯಿತು. ಪಾಟೀಲರು ಕೊಟ್ಟ ಧೋತರ, ಅಂಗಿ ಉಟ್ಟುಕೊಂಡೇ ಹೈದರಾಬಾದಿಗೆ ಮರಳಿದೆ. ರೊಟ್ಟಿಯನ್ನೂ ಕಟ್ಟಿ ಕೊಟ್ಟಿದ್ದರು.

ನನ್ನ ವೇಷ ಕಂಡು ರಾಘವೇಂದ್ರರಾವ್, "ಏನೋ ಇದು, ಲಗ್ನಕ್ಕ ಹೋಗಿದ್ದೇನು?" ಎಂದು ನಕ್ಕ. ನಡೆದದ್ದನ್ನೆಲ್ಲ ಹೇಳಿದ ಮೇಲೆ ನಗು ನಿಂತಿತು. ಖಾಕಿ ಬಿಡುವ ಮಾತಿಗೆ ಪ್ರೊಫೆಸರು ಮೊದಲು ಒಪ್ಪಲಿಲ್ಲ, ವಿಭಾಗದ ಶಿಸ್ತು ಎಂದರು. ಆದರೆ ಹೊರಡುವ ದಿನ ಸ್ಟೇಷನ್ನಿಗೆ ಅವರೇ ಬಿಳಿ ಪೈಜಾಮ ತೊಟ್ಟು ಬಂದರು.

ಕ್ಯಾಂಪಿನ ಮೊದಲನೆಯ ಬೆಳಿಗ್ಗೆ ಊರ ಹೊರಗಿನ ಹಳೆಯ ಬಾವಿಯ ಬಳಿ ನಾವೂ ಪಾಟೀಲರ ಕಡೆಯವರೂ ಸೇರಿದೆವು. ಮೆಟ್ಟಿಲಿಲ್ಲದ ಆಳವಾದ ಬಾವಿ. ಕೆಂಪು ಪಟ್ಟಿ ನೋಡಬೇಕಾದರೆ ಹಗ್ಗ ಕಟ್ಟಿಕೊಂಡು ಒಳಗಿಳಿಯಬೇಕು. ಅದು ಯೂಸುಫನ ವಿಷಯ, ಅವನೇ ಇಳಿಯಬೇಕು. ರಾಘವೇಂದ್ರರಾವ್ ಮುಂದೆ ಬಂದು, ಹಗ್ಗ ನಮ್ಮ ಹುಡುಗರೇ ಹಿಡಿಯುತ್ತಾರೆ ಎಂದ. ಅವನ ಮನಸ್ಸಿನಲ್ಲೇನಿದೆ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಪಾಟೀಲರ ಮುಖ ಬಾಡಿತು. ಅವರು ಹಿಂದೆ ಸರಿದು ನಿಂತರು.

ಯೂಸುಫ್ ನಮ್ಮ ಕಡೆ ನೋಡಿದ, ಅವರ ಕಡೆ ನೋಡಿದ. ಹಗ್ಗದ ಒಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡು, ಇನ್ನೊಂದು ತುದಿಯನ್ನು ಒಯ್ದು ಪಾಟೀಲರ ಕೈಯಲ್ಲಿಟ್ಟ. "ನೀವು ಹಿಡೀರಿ ಕಾಕಾ. ಈ ಹುಡುಗರು ಊಟ ಮಾಡೂದ್ರಾಗ ಶಾಣ್ಯಾರು, ಹಗ್ಗ ಹಿಡ್ಯಾಕ ಬರೂದಿಲ್ಲ ಇವರಿಗೆ" ಎಂದ.

ಪಾಟೀಲರು ಹಗ್ಗವನ್ನು ತಮ್ಮ ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಂಡರು, ಕುರಿ ಕಾಯುವವರು ಹಿಂದೆ ಸಾಲಾಗಿ ನಿಂತು ಹಿಡಿದರು. ಯೂಸುಫ್ ಕಲ್ಲಿನ ಅಂಚು ಬಿಟ್ಟು ಇಳಿದ. ಪಾಟೀಲರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವರು ಕೈ ಬಿಡಲಿಲ್ಲ.

ಯೂಸುಫ್ ಆ ವರ್ಷ ಪರೀಕ್ಷೆಗೆ ಕೂತು ಪಾಸಾದ. ಮುಂದೆ ನಾನು ಕೂತ ಯಾವ ಕಮಿಟಿಯಲ್ಲೂ, ಯಾರ ವಿಷಯವೋ ಅವರನ್ನು ಹೊರಗೆ ನಿಲ್ಲಿಸಿ ಮಾತಾಡಲು ನಾನು ಬಿಡಲಿಲ್ಲ. ಜಗಳಗಂಟ ಎಂಬ ಹೆಸರೂ ಬಂತು, ಬರಲಿ. ಇನ್ನೊಬ್ಬರ ಭಯವನ್ನು ಅವರ ಪರವಾಗಿ ನಾವು ಪಡಬಾರದು ಎಂಬುದನ್ನು ನಾನು ಕಲಿತದ್ದು ಅಲ್ಲಿ, ಆಳದಿಂದ ಯೂಸುಫನ ಕೂಗು ಮೇಲೆ ಬಂದಾಗ: "ಇನ್ನಾ ಹಗ್ಗ ಬಿಡ್ರಿ ಕಾಕಾ, ಇನ್ನಾ ಬಿಡ್ರಿ!"