ಪೈಪಿಗೆ ತೋಳಿನ ಅಳತೆ

ಪೈಪಿನ ಮೈಗೆ ಇನ್ನೊಂದು ಪೈಪು ಕೂರಿಸಿ ವೆಲ್ಡಿಂಗ್ ಮಾಡಬೇಕಾದರೆ, ಕೂರುವ ಪೈಪಿನ ಬಾಯಿಯನ್ನು ಬಾಗಿಸಿ ಕೊಯ್ಯಬೇಕು. ನೇರ ಕೊಯ್ದರೆ ದುಂಡು ಮೈಗೆ ಅದು ಎರಡೇ ಕಡೆ ತಾಗುತ್ತದೆ, ಉಳಿದದ್ದೆಲ್ಲ ಸಂದು. ಊರು ಬಿಟ್ಟು ಬಂದು ನೆಲೆಸಿದ್ದ ರಾಯಪುರಂನಲ್ಲಿ ನಾವು ಇದಕ್ಕೆ ಮೀನಿನ ಬಾಯಿ ಎನ್ನುತ್ತಿದ್ದೆವು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಹಾರ್ಬರಿನ ಹತ್ತಿರದ ವರ್ಕ್‌ಶಾಪೊಂದರಲ್ಲಿ ಏಳು ವರ್ಷ ದುಡಿದು ಇದನ್ನು ಕಣ್ಣಳತೆಯಲ್ಲೇ ಕಲಿತೆ. ಸೀಮೆಸುಣ್ಣದ ಗೀಟನ್ನೂ ಹಾಕುತ್ತಿರಲಿಲ್ಲ. ಗೀಟು ಹಾಕುವವರನ್ನು ಕಂಡರೆ ನಗುತ್ತಿದ್ದೆ.

ಅರವತ್ತರ ದಶಕದ ಮೊದಲಲ್ಲಿ ಆ ಕೆಲಸ ಬಿಟ್ಟು, ಮನೆಯ ಹಿಂದೆ ತಗಡಿನ ಮಾಡಿನ ಕೆಳಗೆ ಸ್ವಂತಕ್ಕೆ ಶುರುಮಾಡಿದೆ. ಪೈಪು ಕಚ್ಚಿ ಹಿಡಿಯಲು ಒಂದು ವೈಸು, ಎರಡು ಅರ, ವೆಲ್ಡಿಂಗ್ ಗ್ಯಾಸಿಗೆ ಕಾರ್ಬೈಡಿನ ಡಬ್ಬಿ. ಒಳಗೆ ಹೆಂಡತಿಯ ಹೊಲಿಗೆ ಮಿಷನ್ನು. ಬೀದಿಯ ಹೆಂಗಸರಿಗೆಲ್ಲ ಅವಳೇ ರವಿಕೆ ಹೊಲಿಯುತ್ತಿದ್ದಳು.

ನಮ್ಮ ಬೀದಿಯ ಕೊನೆಯಲ್ಲಿ ನಮ್ಮ ಊರಿನ ಕಡೆಯವರದೊಂದು ಹೋಟೆಲಿತ್ತು. ಅಲ್ಲಿಯ ಹಳೆಯ ಅಡಿಗೆ ಭಟ್ಟರಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿ ವರ್ಷವಾಗಿತ್ತು. ಬೀದಿಯ ಈ ಕೊನೆಯಲ್ಲಿ, ನಮ್ಮ ಮನೆಯಾಚೆಯ ಕೋಣೆಯೊಂದರಲ್ಲಿ ಮಲಗಿರುತ್ತಿದ್ದರು. ಹೋಟೆಲಿನಿಂದ ಎರಡು ಹೊತ್ತು ಊಟ ಬರುತ್ತಿತ್ತು. ದುಡಿಯದೆ ಉಣ್ಣುವ ಆ ಅನ್ನ ಅವರಿಗೆ ಸೇರುತ್ತಿರಲಿಲ್ಲ.

“ಕೈ ಉಂಟಲ್ಲ ಮಾರಾಯ. ತರಕಾರಿ ಹೆಚ್ಚಿ ಕೊಡ್ಲಿಕ್ಕೆ ಕಾಲು ಎಂತಕ್ಕೆ? ಅಡಿಗೆಮನೆವರೆಗೆ ಹೋಗ್ಲಿಕ್ಕೆ ಒಂದು ಗಾಡಿ ಮಾಡಿ ಕೊಡು,” ಎಂದು ಒಂದು ದಿನ ನನ್ನನ್ನು ಕರೆಸಿ ಹೇಳಿದರು.

ಮೂರು ಚಕ್ರ, ಪೈಪಿನ ಚೌಕಟ್ಟು, ಕೈಯಲ್ಲಿ ತಿರುಗಿಸುವ ಹಿಡಿ. ಸೀಟಿನ ಕೆಳಗೆ ಓರೆಯಾಗಿ ಬಂದು ಸೇರುವ ಪೈಪು ಒಂದಿತ್ತು. ಓರೆ ಜೋಡಣೆಗೆ ಬಾಯಿಯ ಒಂದು ತುಟಿ ಉದ್ದ, ಇನ್ನೊಂದು ಗಿಡ್ಡ ಬರಬೇಕು. ನನ್ನ ಕಣ್ಣಳತೆ ತಪ್ಪಿತು. ಕೆಳಬದಿಯಲ್ಲಿ ಉಗುರು ಹೋಗುವಷ್ಟು ಸಂದು ಬಿತ್ತು. ಬೇರೆ ಪೈಪು ಕೊಯ್ಯಬೇಕಾಗಿತ್ತು. ಕೊಯ್ಯಲಿಲ್ಲ. ವೆಲ್ಡಿಂಗ್ ಕಡ್ಡಿ ಕರಗಿಸಿ ಸಂದು ತುಂಬಿದೆ, ಅರದಲ್ಲಿ ಉಜ್ಜಿದೆ, ಮೇಲೆ ಬಣ್ಣ ಹೊಡೆದೆ.

“ಗಟ್ಟಿ ಉಂಟಾ?” ಭಟ್ಟರು ಕೇಳಿದರು.

“ನಿಮ್ಮ ಹೋಟೆಲಿನ ರುಬ್ಬುವ ಕಲ್ಲು ಕೂರಿಸಿ ನೋಡಿ, ಭಟ್ರೇ.”

ಗಾಡಿ ಬೀದಿಯ ಅರ್ಧಕ್ಕೂ ಹೋಗಿರಲಿಲ್ಲ. ಚರಂಡಿಯ ಹಲಗೆ ಹತ್ತಿ ಇಳಿಯುವಾಗ ಪೈಪು ಆ ತುಂಬಿದ ಜಾಗದಲ್ಲೇ ಬಿಟ್ಟಿತು. ಭಟ್ಟರು ಬಲಗೈ ಊರಿ ಬಿದ್ದರು. ಮಣಿಕಟ್ಟು ಮುರಿಯಿತು. ಅವರಿಗೆ ಉಳಿದಿದ್ದದ್ದೇ ಕೈ. ಆಮೇಲೆ ಕೆಲವು ವಾರ ಅವರ ಬಾಯಿಗೆ ಅನ್ನ ಇಡುವುದಕ್ಕೂ ಇನ್ನೊಬ್ಬರು ಬೇಕಾದರು.

ಮುರಿದ ಗಾಡಿಯನ್ನು ಮನೆಗೆ ತಂದು ಮತ್ತೆ ಪೈಪು ಕೊಯ್ದೆ. ಮೂರು ತುಂಡು ಹಾಳಾದವು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಬೈಯುವುದಿಲ್ಲಾಂದ್ರೆ ಒಂದು ಮಾತು ಹೇಳ್ತೇನೆ,” ಎಂದಳು.

“ಹೇಳು.”

“ನಾನು ರವಿಕೆಗೆ ತೋಳನ್ನು ಕಣ್ಣಂದಾಜಲ್ಲಿ ಕತ್ತರಿಸಿದ್ರೆ ಈ ಬೀದಿಯವರು ನನ್ನನ್ನು ಸುಮ್ಮನೆ ಬಿಡ್ತಾರಾ?”

“ಇದು ಕಬ್ಬಿಣ. ಬಟ್ಟೆ ಅಲ್ಲ.”

“ಇರ್ಲಿ. ತೋಳೂ ಕೊಳವೆಯೇ ಅಲ್ವಾ? ಕಂಕುಳಿಗೆ ಹೋಗಿ ಸುತ್ತ ಕೂರ್ಬೇಕು. ಒಂದು ಕಡೆ ಏರು, ಒಂದು ಕಡೆ ತಗ್ಗು.”

ಅವಳು ಕಂದು ಕಾಗದ ತಂದು ಪೈಪಿಗೆ ಸುತ್ತಿದಳು. ಕಾಗದದ ಅಂಚನ್ನು ಮುಂದಕ್ಕೆ ಸರಿಸಿ, ಎದುರಿನ ಪೈಪಿಗೆ ತಾಗಿಸಿ, ಎಲ್ಲಿ ತಡೆಯುತ್ತದೋ ಅಲ್ಲಿ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಹೋದಳು. ಸುತ್ತಲೂ ಸರಿಯಾಗಿ ಕೂತ ಮೇಲೆ ಬಿಚ್ಚಿ ನೆಲದ ಮೇಲೆ ಹಾಸಿದಳು. ರವಿಕೆಯ ತೋಳಿನದೇ ಗುಡ್ಡದಂಥ ಗೀಟು. ಅದನ್ನು ಮತ್ತೆ ಪೈಪಿಗೆ ಸುತ್ತಿ ಅಂಚು ಬರೆದೆ, ಕೊಯ್ದೆ, ಅರ ಹಾಕಿದೆ. ಜೋಡಿಸಿ ಬಿಸಿಲಿಗೆ ಹಿಡಿದೆ. ಬೆಳಕಿನ ಒಂದು ಎಳೆಯೂ ನುಸುಳಲಿಲ್ಲ.

ಭಟ್ಟರ ಕೈಯ ಕಟ್ಟು ಬಿಚ್ಚಿದ ಮೇಲೆ ಗಾಡಿ ತೆಗೆದುಕೊಂಡು ಹೋದೆ. ಹೋಟೆಲಿನ ಯಜಮಾನರೂ ಒಬ್ಬ ಸಪ್ಲೈಯರ್ ಅಣ್ಣನೂ ಬಂದಿದ್ದರು. ಭಟ್ಟರು ಗಾಡಿಯ ಕಡೆ ತಿರುಗಲಿಲ್ಲ.

“ಅವತ್ತೂ ಗಟ್ಟಿ ಅಂದಿದ್ದಿ. ಇವತ್ತು ಎಂತ ಬೇರೆ?”

“ನಾನೇ ನಾಲ್ಕು ದಿನ ಕೂತು ಓಡಿಸಿದ್ದೇನೆ.”

“ಕಾಲಿದ್ದವ ಬಿದ್ರೆ ಏಳ್ತಾನೆ. ಬೇರೆ ಎಂತ ಮಾಡಿದ್ದು, ಅದನ್ನು ಹೇಳು.”

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಸುಳ್ಳು ಹೇಳಬಹುದಿತ್ತು, ನಾಲಿಗೆಯ ತುದಿಗೆ ಬಂದೂ ಇತ್ತು.

“ಅವತ್ತು ಸಂದು ಬಿದ್ದಿತ್ತು ಭಟ್ರೇ. ಗೊತ್ತಿದ್ದೇ ತುಂಬಿ ಮುಚ್ಚಿದೆ. ಈ ಸಲ ಗೀಟು ಹಾಕಿ ಕೊಯ್ದೆ. ಗೀಟು ನನ್ನ ಹೆಂಡತಿಯದ್ದು. ರವಿಕೆಗೆ ತೋಳಿಡುವ ಅಳತೆ.”

“ಹಾಗಾದ್ರೆ ಗಾಡಿಗೊಂದು ರವಿಕೆಯನ್ನೂ ಅಕ್ಕನ ಹತ್ರ ಹೊಲಿಸಿ!” ಎಂದು ಸಪ್ಲೈಯರ್ ನಕ್ಕ. ಯಜಮಾನರೂ ನಕ್ಕರು. ನನ್ನ ಕಿವಿ ಸುಟ್ಟಿತು.

ಭಟ್ಟರು ನಗಲಿಲ್ಲ. “ಎತ್ತಿ ಕೂರಿಸು,” ಎಂದರು.

ಕಂಕುಳಿಗೆ ಕೈಹಾಕಿ ಎತ್ತಿದೆ. ಭಾರವೇ ಇರಲಿಲ್ಲ. ಕೂತವರು ಕೂಡಲೇ ಹಿಡಿ ತಿರುಗಿಸಲಿಲ್ಲ. ಎಡಗೈಯನ್ನು ಸೀಟಿನ ಕೆಳಗೆ ಇಳಿಸಿ, ಆ ಜೋಡಣೆಯ ಸುತ್ತ ಹೆಬ್ಬೆರಳು ಆಡಿಸಿದರು, ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುವವರ ಹಾಗೆ. ಆಮೇಲೆ ಹೊರಟರು. ಚರಂಡಿಯ ಹಲಗೆ ಬಂದಾಗ ನಾನು ಹಿಂದೆ ಓಡಿದೆ. ಗಾಡಿ ದಾಟಿತು.

ಆದರೆ ಅವರ ಬಲ ಮಣಿಕಟ್ಟು ಮತ್ತೆ ಪೂರ್ತಿ ಬಾಗಲಿಲ್ಲ. ಚಾಕು ಹಿಡಿದು ಹೆಚ್ಚುವುದಕ್ಕೆ ಆಗಲೇ ಇಲ್ಲ. ಬಟಾಣಿ ಸುಲಿದರು, ಅಕ್ಕಿಯ ಕಲ್ಲು ಆರಿಸಿದರು. ಹೋಟೆಲಿನ ಅಡಿಗೆಮನೆಯಲ್ಲಿ ಕೂತು, ದುಡಿದ ಅನ್ನ ಉಂಡರು. ನನ್ನ ಮನೆಯ ಮುಂದೆ ಹಾದುಹೋಗುವಾಗ ದಿನಾ ಎಡಗೈ ಒಂದರಲ್ಲೇ ಹಿಡಿ ತಿರುಗಿಸುತ್ತಿದ್ದರು.