ಮೇಲಕ್ಕೆ ಹತ್ತುವ ಕೊರಕಲು

ನೆಲದ ರೂಪ ಹೇಗೆ ಬದಲಾಗುತ್ತದೆ ಎಂಬುದೇ ನನ್ನ ಓದು. ಕಟ್ಟೆಮಳಲವಾಡಿಯ ನಮ್ಮ ಹೊಲದಲ್ಲಿ ಮಳೆನೀರು ತೋಡಿದ ಕೊರಕಲೊಂದಿದೆ. ನೀರು ಹೊಳೆಯತ್ತ ಇಳಿದರೂ ಕೊರಕಲು ಮಾತ್ರ ತುದಿ ಕುಸಿಯುತ್ತ ಮೇಲಕ್ಕೆ ಬೆಳೆಯುತ್ತದೆ ಎಂದು ದೊಡ್ಡಮ್ಮನಿಗೆ ವಿವರಿಸಿದೆ.

"ಅಂಗಾರೆ ಅದು ನಿಮ್ ತಾತನ್ ತಾವ್ಕೇ ಬತ್ತಾ ಅದೆ ಕಣಪ್ಪ," ಎಂದಳು.

ದಿಬ್ಬದ ಮೇಲೆ ತಾತನ, ಅಂದರೆ ದೊಡ್ಡಮ್ಮನ ಮಾವನ, ಸಮಾಧಿ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಜೊತೆಗೆ ವಿಭೂತಿ ಗಟ್ಟಿಗಳನ್ನಿಟ್ಟು ಹೂಳುತ್ತಾರೆ.

"ಅದು ಅಲ್ಲಿಗೆ ಹತ್ತೋವಷ್ಟರಲ್ಲಿ ನಾವೇ ಇರಲ್ಲ ಬುಡು," ಎಂದು ನಕ್ಕೆ.

ಈ ಸಲದ ಮಳೆ ಬಿಟ್ಟ ಮೇಲೆ ಇಬ್ಬರೂ ಹೋಗಿ ನೋಡಿದೆವು. ಕೊರಕಲು ದಿಬ್ಬ ಹತ್ತಿತ್ತು. ಅದರ ಕೆಮ್ಮಣ್ಣಿನ ಗೋಡೆಯಲ್ಲಿ, ಕೂತವರ ಹಣೆಯ ಎತ್ತರಕ್ಕೆ, ಬೆಳ್ಳಗೆ ಏನೋ ಕಾಣುತ್ತಿತ್ತು. ಸುಣ್ಣಕಲ್ಲು ಎಂದೆ. ದೊಡ್ಡಮ್ಮ ಮಾವನೆದುರು ನಿಂತ ಸೊಸೆಯ ಹಾಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.